ಚೀಲದೊಳಗೆ ನಾಲ್ಕು ಜನ, ಎರಡೂವರೆ ನಿಮಿಷದ ಗಾಳಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲಿನ ಒಂದೇ ರೂಮಿನ ಇಬ್ಬರು ಮೂರು ವಾರ ಮಾತು ಬಿಟ್ಟಿದ್ದರು. ಕಾರಣ ದುಡ್ಡಲ್ಲ, ಕ್ರಿಕೆಟ್ ಅಲ್ಲ, ಫ್ಯಾನು ಎಷ್ಟು ನಂಬರಿನಲ್ಲಿ ಓಡಬೇಕು ಅನ್ನೋ ನಿತ್ಯದ ಜಗಳವೂ ಅಲ್ಲ. ಒಂದು ಚೀಲ. ಅದೂ ಪ್ರಪಂಚದಲ್ಲಿ ಇಲ್ಲದೇ ಇರೋ ಚೀಲ. ಆ ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬ ನಮ್ಮ ಡಿಎಂ.

ಡಿಎಂ ಅಂದರೆ ಇನ್‌ಸ್ಟಾಗ್ರಾಂ ಮೆಸೇಜ್ ಅಲ್ಲ, ಡಂಜನ್ ಮಾಸ್ಟರ್. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಅನ್ನೋ ಇಬ್ಬರು ಅಮೆರಿಕನ್ನರು 1974ರಲ್ಲಿ ಹೊರತಂದ ಆಟ ಇದು. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಆ ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡೋ ಆಟ ಅಂದರೆ ಸಾಕು. ನಾಲ್ಕೈದು ಜನ ಸುತ್ತ ಕೂರಬೇಕು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಕಳ್ಳ, ಯೋಧ, ಮಾಂತ್ರಿಕ, ಪೂಜಾರಿ. ಡಿಎಂ ಆದವನು ಮಿಕ್ಕ ಇಡೀ ಲೋಕವನ್ನು ನಡೆಸುತ್ತಾನೆ. ನೀವು 'ನಾನು ಈ ಗೋಡೆ ಹತ್ತುತ್ತೇನೆ' ಅನ್ನುತ್ತೀರಿ, ಅವನು 'ದಾಳ ಹಾಕು' ಅನ್ನುತ್ತಾನೆ, ಇಪ್ಪತ್ತು ಮುಖದ ದಾಳ ಉರುಳುತ್ತದೆ, ನೀವು ಹತ್ತುತ್ತೀರಿ ಇಲ್ಲವೇ ಬೀಳುತ್ತೀರಿ. ಯಾರು ಗೆದ್ದರು ಅಂತ ಕೊನೆಗೆ ಲೆಕ್ಕ ಹಾಕೋದಿಲ್ಲ. ಆದರೆ ನಿಯಮಗಳಿವೆ. ನೂರಾರು ಪುಟ ಇವೆ. ಅದರಲ್ಲಿ ಅತಿ ಹೆಚ್ಚು ಜಗಳ ಹುಟ್ಟಿಸೋದು ಮಾಯಾವಸ್ತುಗಳ ಪುಟಗಳು.

ನಡೆದದ್ದು ಇಷ್ಟು. ದಾಳಿಗೆ ಸಿಕ್ಕಿದ ಹಳ್ಳಿಯೊಂದರಿಂದ ನಾಲ್ಕು ಜನರನ್ನು ನಾವು ಕಾಪಾಡಿದ್ದೆವು: ಒಬ್ಬ ಅಜ್ಜಿ, ಅವಳ ಮಗಳು, ಎರಡು ಮಕ್ಕಳು. ಸೇತುವೆ ದಾಟಬೇಕು, ಸೇತುವೆಯ ಮೇಲೆ ಶತ್ರು ಕಾವಲು. 'ಮಗಾ, ಬ್ಯಾಗ್ ಆಫ್ ಹೋಲ್ಡಿಂಗ್ ಇದೆಯಲ್ಲ, ಅದರೊಳಗೆ ಕೂರಿಸಿಬಿಡೋಣ' ಅಂದವನು ನಾನೇ. ಹೊರಗಿಂದ ನೋಡಿದರೆ ಎರಡು ಅಡಿ ಅಗಲದ ಬಾಯಿ, ನಾಲ್ಕು ಅಡಿ ಆಳದ ಗೋಣಿಚೀಲದಂಥದ್ದು. ಒಳಗೆ ಮಾತ್ರ 64 ಘನ ಅಡಿ ಜಾಗ, 500 ಪೌಂಡ್ ತೂಕ ಹಿಡಿಯುತ್ತೆ. ಏನೇ ತುಂಬಿದರೂ ಹೊತ್ತವನಿಗೆ 15 ಪೌಂಡೇ ಭಾರ. ನಾವು ಇಂಜಿನಿಯರಿಂಗ್ ಹುಡುಗರಲ್ಲವಾ, ತೂಕ ಲೆಕ್ಕ ಹಾಕಿದೆವು. ನಾಲ್ಕೂ ಜನ ಸೇರಿ 160 ಕಿಲೋ ಇರಬಹುದು, ಮಿತಿ 227 ಕಿಲೋ, ಸರಿ. ಘನಗಾತ್ರ ಲೆಕ್ಕ ಹಾಕಿದೆವು, ಅದೂ ಸರಿ. ಗಾಳಿಯ ಲೆಕ್ಕ ಯಾರೂ ಹಾಕಲಿಲ್ಲ.

ಕಾವಲುಗಾರರ ಜೊತೆ ನಮ್ಮ ಕಳ್ಳನ ಮಾತುಕತೆ ಚೆನ್ನಾಗಿಯೇ ನಡೆಯಿತು. ಆಟದ ಲೆಕ್ಕದಲ್ಲಿ ಸರಿಯಾಗಿ ಮೂರು ನಿಮಿಷ. ಈ ಕಡೆ ಬಂದು ಚೀಲ ಬಿಚ್ಚುತ್ತೇವೆ ಅಂದಾಗ ಡಿಎಂ ಫೋನಿನಲ್ಲಿ ಪಿಡಿಎಫ್ ತೆರೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿದ: 'ಹತ್ತು ನಿಮಿಷದ ಗಾಳಿ ಕಣ್ರೋ, ಎಷ್ಟು ಜನ ಇದ್ದಾರೋ ಅಷ್ಟರಿಂದ ಭಾಗಿಸಬೇಕಂತೆ. ನಾಲ್ಕು ಜನ. ಎರಡೂವರೆ ನಿಮಿಷ. ಆಮೇಲೆ ಉಸಿರುಗಟ್ಟುತ್ತೆ.' ಯಾರೂ ಮಾತಾಡಲಿಲ್ಲ. ಅವನೇ ಮತ್ತೆ ಮೆಲ್ಲಗೆ, 'ಮಕ್ಕಳು...' ಅಂದ.

ಆಮೇಲೆ ನಾನು ಆಡಿದ ಮಾತು ಇಲ್ಲಿ ಬರೆಯೋದಿಲ್ಲ. ರೂಲ್ ಮೊದಲೇ ಹೇಳದೆ ಕೊನೆಗೆ ಹೇಳಿ ಕೊಲ್ಲುವ ಡಿಎಂ ಎಂಥವನು ಅನ್ನೋ ಧಾಟಿಯಲ್ಲಿತ್ತು. ಅವನು ಮೂರು ವಾರ ಇಂಟರ್ನಲ್ಸ್ ನಡುವೆ ಕೂತು ಆ ಹಳ್ಳಿ, ಸೇತುವೆ, ಅಜ್ಜಿಯ ಹೆಸರು, ಎಲ್ಲಾ ಕಟ್ಟಿದ್ದ. ಡಿಎಂ ಆಗಿದ್ದು ಅದೇ ಮೊದಲ ಸಲ. ಎದ್ದು ಹೋದ. ಹೋದ ಅಂದರೆ ಎಲ್ಲಿಗೆ, ಅದೇ ರೂಮಿನ ಇನ್ನೊಂದು ಮಂಚಕ್ಕೆ.

ಮೂರು ವಾರ ಆಟ ನಿಂತಿದ್ದಾಗ ನಾನು ಮಾಡಿದ ಕೆಲಸ ಒಂದೇ: ಅವನು ತಪ್ಪು ಅಂತ ಸಾಧಿಸಲು ಪುಸ್ತಕ ಓದಿದ್ದು. ಓದುತ್ತಾ ಓದುತ್ತಾ ಗೊತ್ತಾಯಿತು, ಮಾಯಾವಸ್ತುವಿನ ನಿಯಮ ಓದೋಕೆ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಈಗ ಹೇಳಲು ಹೊರಟಿರುವುದು ಅದನ್ನೇ. ನಾವು ಆಡೋದು ಐದನೇ ಆವೃತ್ತಿ, 2014ರ ಪುಸ್ತಕಗಳು. 2024ರಲ್ಲಿ ಅದರ ಪರಿಷ್ಕೃತ ರೂಪ ಬಂದಿದೆ, ಕೆಲವು ನಿಯಮ ಬದಲಾಗಿವೆ, ಓದುವ ಕ್ರಮ ಮಾತ್ರ ಅದೇ.

ಮೊದಲನೆಯದು. 'ಪ್ಲೇಯರ್ಸ್ ಹ್ಯಾಂಡ್‌ಬುಕ್'ನ ಪೀಠಿಕೆಯಲ್ಲೇ ಒಂದು ಸೂತ್ರ ಇದೆ, ಹೆಚ್ಚಿನವರು ಹಾರಿಸಿ ಹೋಗುತ್ತಾರೆ: ವಿಶೇಷ ನಿಯಮಕ್ಕೂ ಸಾಮಾನ್ಯ ನಿಯಮಕ್ಕೂ ಘರ್ಷಣೆ ಬಂದರೆ ವಿಶೇಷದ್ದೇ ಗೆಲ್ಲುತ್ತದೆ. ಸಂಸ್ಕೃತ ವ್ಯಾಕರಣ ಓದಿದವರಿಗೆ ಇದು ಹಳೇ ಪರಿಚಯ. ಪಾಣಿನಿಯ ಪರಂಪರೆಯಲ್ಲಿ ಉತ್ಸರ್ಗ ಮತ್ತು ಅಪವಾದ ಅನ್ನುತ್ತಾರಲ್ಲ, ಅದೇ. ಪ್ರತಿ ಮಾಯಾವಸ್ತುವೂ ಒಂದು ಅಪವಾದ. ಮನುಷ್ಯನಿಗೆ ಹಾರಲು ಬರೋದಿಲ್ಲ, ಇದು ಸಾಮಾನ್ಯ. ಈ ಬೂಟು ಹಾಕಿದರೆ ಹಾರಬಹುದು, ಇದು ಅಪವಾದ. ಇಷ್ಟು ಎಲ್ಲರಿಗೂ ಗೊತ್ತು. ಮರೆತುಹೋಗೋದು ಅದರ ಇನ್ನೊಂದು ಮುಖ: ಅಪವಾದ ತಾನು ಹೆಸರು ಹಿಡಿದು ಹೇಳಿದ ಜಾಗದಲ್ಲಿ ಮಾತ್ರ ಗೆಲ್ಲುತ್ತದೆ. ಹೇಳದೆ ಬಿಟ್ಟ ಕಡೆಯೆಲ್ಲ ಸಾಮಾನ್ಯ ನಿಯಮ ಹಾಗೇ ಜೀವಂತ ಇರುತ್ತದೆ. ಕೋಡ್ ಬರೆಯುವವರಿಗೆ ಹೇಳಬೇಕಾದರೆ, ಒಂದು ಕ್ಲಾಸನ್ನು ಇನ್ಹೆರಿಟ್ ಮಾಡಿ ಒಂದೇ ಒಂದು ಫಂಕ್ಷನ್ ಓವರ್‌ರೈಡ್ ಮಾಡಿದ ಹಾಗೆ. ಉಳಿದವೆಲ್ಲ ಅಪ್ಪನ ಮನೆಯವೇ.

ಚೀಲದ್ದೇ ಉದಾಹರಣೆ ತಗೊಳ್ಳಿ. ಅದರೊಳಗಿನ ವಸ್ತು ಹೊರತೆಗೆಯಲು ಒಂದು ಆಕ್ಷನ್ ಬೇಕು ಅಂತ ಬರೆದಿದೆ. ಯುದ್ಧದಲ್ಲಿ ಒಂದು ರೌಂಡ್ ಅಂದರೆ ಆರು ಸೆಕೆಂಡ್, ಒಂದು ಸರದಿಗೆ ಸಾಮಾನ್ಯವಾಗಿ ಒಂದೇ ಆಕ್ಷನ್. ಮದ್ದು ಕುಡಿಯಲು ಇನ್ನೊಂದು ಆಕ್ಷನ್ ಬೇಕು. ಆ ನಿಯಮವನ್ನು ಚೀಲ ಮುಟ್ಟಿಯೇ ಇಲ್ಲ. ಹಾಗಾಗಿ ಜೀವ ಉಳಿಸೋ ಮದ್ದನ್ನು ಚೀಲದಲ್ಲಿಟ್ಟರೆ ಅದು ಬಾಯಿಗೆ ಬರಲು ಎರಡು ಸರದಿ. ನಮ್ಮ ಪೂಜಾರಿ ಇದನ್ನು ಕಲಿತದ್ದು ಒಂದು ಟ್ರೋಲ್ ಎದುರು ನಿಂತು. ಅವತ್ತಿಂದ ಅವನ ಮದ್ದು ಸೊಂಟದಲ್ಲೇ.

ಎರಡನೆಯದು ಇಂಗ್ಲಿಷಿನ ಸಣ್ಣ ಸಣ್ಣ ಪದಗಳು. ಕನ್ನಡದಲ್ಲಿ ಆಡುವ ನಮ್ಮಂಥವರಿಗೆ ನಿಜವಾದ ಗುಂಡಿ ಇರೋದು ಇಲ್ಲೇ. ಪುಸ್ತಕ ಇಂಗ್ಲಿಷ್‌ನಲ್ಲಿ, ಆಟ ಕನ್ನಡದಲ್ಲಿ. ಡಿಎಂ ಓದಿ, ಮನಸ್ಸಿನಲ್ಲೇ ಕನ್ನಡ ಮಾಡಿ, ಸಾರಾಂಶ ಹೇಳುತ್ತಾನೆ. ಆ ದಾಟುವಿಕೆಯಲ್ಲಿ ಏನೋ ಒಂದು ಹೊಳೆಗೆ ಬೀಳುತ್ತದೆ.

'ಗಾಂಟ್ಲೆಟ್ಸ್ ಆಫ್ ಓಗರ್ ಪವರ್' ಅಂತ ಒಂದು ಜೊತೆ ಕೈಗವಸು ಇದೆ. ನಮ್ಮ ಡಿಎಂ ಅದನ್ನು 'ಹಾಕ್ಕೊಂಡ್ರೆ ಶಕ್ತಿ ಜಾಸ್ತಿ ಆಗುತ್ತೆ, 19' ಅಂತ ಹೇಳಿದ್ದ. ಸಹಜವಾಗಿ ನಮ್ಮ ಯೋಧ ಅದನ್ನು ಕಸಿದುಕೊಂಡ. ಬಲಶಾಲಿಗೇ ತಾನೇ ಬಲದ ಕೈಗವಸು? ಪುಸ್ತಕ ನೋಡಿದರೆ ಅಲ್ಲಿ ಹೆಚ್ಚುತ್ತದೆ ಅನ್ನೋ ಕ್ರಿಯಾಪದವೇ ಇಲ್ಲ. ಧರಿಸಿರುವಷ್ಟು ಹೊತ್ತು ನಿಮ್ಮ ಶಕ್ತಿಯ ಅಂಕ 19 ಅಷ್ಟೇ. ಮೊದಲೇ 19 ಅಥವಾ ಹೆಚ್ಚಿದ್ದರೆ ಪರಿಣಾಮವೇ ಇಲ್ಲ. ಅಂದರೆ ಇದು += ಅಲ್ಲ, ಬರೀ =. ಅಸೈನ್‌ಮೆಂಟ್ ಆಪರೇಟರ್.

ಈಗ ಲೆಕ್ಕ ನೋಡಿ. ಈ ಆಟದಲ್ಲಿ ದಾಳಕ್ಕೆ ಸೇರಿಸೋದು ಅಂಕವನ್ನಲ್ಲ, ಅದರಿಂದ ಬರುವ ಮಾಡಿಫೈಯರ್ ಅನ್ನು: ಅಂಕದಿಂದ 10 ಕಳೆದು, ಎರಡರಿಂದ ಭಾಗಿಸಿ, ಕೆಳಗಿನ ಪೂರ್ಣಾಂಕ. 18ಕ್ಕೆ +4. 19ಕ್ಕೂ +4. ನಮ್ಮ ಯೋಧನ ಶಕ್ತಿ 18. ಒಂದೂವರೆ ತಿಂಗಳು ಆ ಪುಣ್ಯಾತ್ಮ ಏನೂ ಪ್ರಯೋಜನವಿಲ್ಲದ ಕೈಗವಸು ಹಾಕಿಕೊಂಡು ಓಡಾಡಿದ, ಸ್ವಲ್ಪ ಹೆಚ್ಚು ಸಾಮಾನು ಹೊರಬಹುದಿತ್ತು ಅನ್ನೋದು ಬಿಟ್ಟರೆ. ಅದೇ ಶಕ್ತಿ 10 ಇರುವ ಪೂಜಾರಿ ಹಾಕಿಕೊಂಡಿದ್ದರೆ ಸೊನ್ನೆಯಿಂದ ಸೀದಾ +4. ಶಕ್ತಿ 8ರ ಮಾಂತ್ರಿಕನಾಗಿದ್ದರೆ -1ರಿಂದ +4. ಈ ವಸ್ತು ಇರುವುದೇ ಬಡಕಲು ಜನರಿಗೆ. ಒಂದು ಕ್ರಿಯಾಪದ ನೆಟ್ಟಗೆ ಓದಿದ್ದರೆ ಸಾಕಿತ್ತು.

ಹೆಸರಿನ ವಿಷಯವೂ ಹೀಗೇ. 'ರಿಂಗ್ ಆಫ್ ಪ್ರೊಟೆಕ್ಷನ್' ಹಾಕಿದರೆ ರಕ್ಷಣೆಗೆ +1, 'ಕ್ಲೋಕ್ ಆಫ್ ಪ್ರೊಟೆಕ್ಷನ್' ಹೊದ್ದರೂ +1. ಎರಡೂ ಒಟ್ಟಿಗೆ ಹಾಕಿದರೆ? +2 ಬರುತ್ತದೆ, ಯಾಕೆಂದರೆ ಇವು ಬೇರೆ ಬೇರೆ ಹೆಸರಿನ ವಸ್ತುಗಳು. ಹಾಗಾದರೆ ಎರಡು ಉಂಗುರ ಹಾಕೋಣ ಅಂದರೆ ಆಗಲ್ಲ. ಇಂಥ ವಸ್ತುಗಳ ಜೊತೆ ಮೊದಲು ಅಟ್ಯೂನ್ ಆಗಬೇಕು, ಅಂದರೆ ಒಂದು ಗಂಟೆಯ ವಿಶ್ರಾಂತಿಯಲ್ಲಿ ಕೂತು ಅದರ ಜೊತೆ ನಂಟು ಬೆಳೆಸಬೇಕು. ಒಂದೇ ವಸ್ತುವಿನ ಎರಡು ಪ್ರತಿಗಳ ಜೊತೆ ನಂಟು ಬೆಳೆಸುವಂತಿಲ್ಲ. ಒಟ್ಟು ಮೂರು ವಸ್ತುಗಳೇ ಮಿತಿ. ಹತ್ತು ಬೆರಳಿಗೂ ಉಂಗುರ ಹಾಕುವ ಕನಸು ಅಲ್ಲಿಗೆ ಮುಗಿಯಿತು.

ಇಷ್ಟರವರೆಗೆ ಸುಲಭ. ಪುಸ್ತಕ ಹೇಳಿದೆ, ನಾವು ಓದಿಲ್ಲ, ಅಷ್ಟೇ. ಕಷ್ಟ ಶುರುವಾಗೋದು ಪುಸ್ತಕ ಸುಮ್ಮನಿರುವ ಕಡೆ.

'ಇಮ್ಮೂವಬಲ್ ರಾಡ್' ನನ್ನ ಅತ್ಯಂತ ಇಷ್ಟದ ವಸ್ತು. ಚಪ್ಪಟೆ ಕಬ್ಬಿಣದ ಸಲಾಕೆ, ತುದಿಯಲ್ಲೊಂದು ಗುಂಡಿ. ಒತ್ತಿದರೆ ಅದು ಇದ್ದಲ್ಲೇ ನಿಲ್ಲುತ್ತದೆ, ಗಾಳಿಯಲ್ಲಿ ಬಿಟ್ಟರೂ ಬೀಳೋದಿಲ್ಲ. 8,000 ಪೌಂಡ್, ಅಂದರೆ ಮೂರೂವರೆ ಟನ್ನಿಗಿಂತ ಹೆಚ್ಚು ಹೊರುತ್ತದೆ. ಅದಕ್ಕಿಂತ ಹೆಚ್ಚಾದರೆ ಮಾಯೆ ಬಿಟ್ಟು ಬೀಳುತ್ತದೆ. ಇದನ್ನು ಇಂಜಿನಿಯರಿಂಗ್ ಹುಡುಗರ ಕೈಗೆ ಕೊಡೋದು ತಪ್ಪು. ಕೊಟ್ಟ ಐದೇ ನಿಮಿಷಕ್ಕೆ ಮೆಕ್ಯಾನಿಕಲ್‌ನವನು ಕೇಳಿದ: 'ಯಾವ ಫ್ರೇಮ್ ಆಫ್ ರೆಫರೆನ್ಸ್‌ನಲ್ಲಿ?'

ನ್ಯಾಯವಾದ ಪ್ರಶ್ನೆ. ಅಲುಗಾಡೋದಿಲ್ಲ ಅಂತ ಬರೆದಿದೆ, ಯಾವುದಕ್ಕೆ ಹೋಲಿಸಿದರೆ ಅಂತ ಬರೆದಿಲ್ಲ. ಆಟದ ಲೋಕವೂ ನಮ್ಮ ಭೂಮಿಯಷ್ಟೇ ದೊಡ್ಡದಾಗಿ, ಅಷ್ಟೇ ಬೇಗ ತಿರುಗುತ್ತೆ ಅಂತಿಟ್ಟುಕೊಳ್ಳಿ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಸಲಾಕೆ ನಕ್ಷತ್ರಗಳಿಗೆ ಹೋಲಿಸಿದರೆ ಸ್ಥಿರ ಅನ್ನೋದಾದರೆ ಗುಂಡಿ ಒತ್ತಿದ ಕ್ಷಣವೇ ಅದು ಪಶ್ಚಿಮದ ಗೋಡೆಯನ್ನು ತೂರಿಕೊಂಡು ಹೋಗಬೇಕು. ಶತ್ರುವಿನ ಕೋಟೆಯನ್ನು ಹಾಗೆ ಸೀಳೋಣ ಅನ್ನೋದೇ ಅವನ ಪ್ಲಾನು. ಕಾಗದದ ಮೇಲೆ ಲೆಕ್ಕವೂ ಸಿದ್ಧವಾಗಿತ್ತು.

ಇಲ್ಲಿ ಪುಸ್ತಕದಲ್ಲಿ ಉತ್ತರವಿಲ್ಲ, ಡಿಎಂ ತೀರ್ಮಾನಿಸಬೇಕು. ಆದರೆ ತೀರ್ಮಾನ ಅಂದರೆ ಮನಸ್ಸಿಗೆ ಬಂದದ್ದು ಅಂತಲ್ಲ. ನಾನು ಹಿಡಿಯುವ ದಾರಿ ಇದು: ಎರಡು ಅರ್ಥ ಸಾಧ್ಯವಿದ್ದಾಗ, ಅದೇ ವಸ್ತುವಿನ ಉಳಿದ ವಾಕ್ಯಗಳನ್ನು ಯಾವ ಅರ್ಥ ದಂಡ ಮಾಡುವುದಿಲ್ಲವೋ ಅದನ್ನು ಆರಿಸಿಕೊಳ್ಳಿ. ಸಲಾಕೆ ನಕ್ಷತ್ರಕ್ಕೆ ಅಂಟಿಕೊಂಡಿದ್ದರೆ 8,000 ಪೌಂಡ್ ಹೊರುವ ಮಾತು ಯಾಕೆ ಬರೆದರು? ಗಾಳಿಯಲ್ಲಿ ನೇತಾಡಿದರೂ ಬೀಳೋದಿಲ್ಲ ಅಂತ ಯಾಕೆ ಹೇಳಿದರು? ಬಲವಂತರು ಪಣತೊಟ್ಟು ತಳ್ಳಿ, ಭಾರೀ ದಾಳ ಬಿದ್ದರೆ ಹತ್ತು ಅಡಿ ಸರಿಸಬಹುದು ಅಂತ ಬೇರೆ ಇದೆ. ಇವೆಲ್ಲ ಅರ್ಥ ಪಡೆಯೋದು ಸಲಾಕೆ ನೆಲಕ್ಕೆ ಹೋಲಿಸಿ ಸ್ಥಿರವಾಗಿದ್ದಾಗ ಮಾತ್ರ. ನಮ್ಮ ನ್ಯಾಯಾಲಯಗಳೂ ಒಂದೇ ಕಾಯ್ದೆಯ ಎರಡು ಕಲಮುಗಳನ್ನು ಹೊಂದಿಸಿ ಓದುವಾಗ ಹೆಚ್ಚುಕಡಿಮೆ ಇದನ್ನೇ ಮಾಡುತ್ತವೆ. ಚಲಿಸುವ ಹಡಗಿನಲ್ಲಿ ಗುಂಡಿ ಒತ್ತಿದರೆ ಏನು ಅನ್ನೋದು ಈ ದಾರಿಯಲ್ಲೂ ಬಗೆಹರಿಯೋದಿಲ್ಲ. ಹಡಗಿಗೆ ಅಂಟುತ್ತೋ, ಸಮುದ್ರತಳಕ್ಕೋ? ಎರಡೂ ಸಮರ್ಥಿಸಬಹುದು. ಅಂಥ ಕಡೆ ಡಿಎಂ ಒಂದು ಆರಿಸಿ ಬರೆದಿಟ್ಟುಕೊಂಡರೆ ಆಯಿತು. ಗುಂಡಿ ಒತ್ತುವ ಮೊದಲೇ ಆರಿಸಬೇಕು, ಅದು ಮುಖ್ಯ.

2024ರ 'ಡಂಜನ್ ಮಾಸ್ಟರ್ಸ್ ಗೈಡ್' ಈ ತಂಟೆಗೆ ನೇರವಾಗಿಯೇ ಉತ್ತರ ಕೊಟ್ಟಿದೆ: ಆಟದ ನಿಯಮಗಳು ಭೌತಶಾಸ್ತ್ರವಲ್ಲ, ಓದುವವರು ಒಳ್ಳೆಯ ಮನಸ್ಸಿನಿಂದ ಓದುತ್ತಾರೆ ಅನ್ನೋ ನಂಬಿಕೆಯ ಮೇಲೆ ನಿಂತಿವೆ. ಮೊದಲ ಸಲ ಓದಿದಾಗ ನನಗೆ ಸ್ವಲ್ಪ ಬೇಜಾರೇ ಆಯಿತು, ಯಾಕೆಂದರೆ ಭೌತಶಾಸ್ತ್ರ ತಂದು ತುರುಕುವುದು ನಮಗೆ ಖುಷಿಯ ಕೆಲಸ. ಚೀಲದ ಲೆಕ್ಕವನ್ನೇ ನೋಡಿ. 500 ಪೌಂಡನ್ನು 64 ಘನ ಅಡಿಯಿಂದ ಭಾಗಿಸಿದರೆ ಘನ ಮೀಟರಿಗೆ ಸುಮಾರು 125 ಕಿಲೋ ಸಾಂದ್ರತೆ. ಅದಕ್ಕಿಂತ ದಟ್ಟವಾದ ಏನೇ ತುಂಬಿದರೂ ಮೊದಲು ಮುಗಿಯೋದು ತೂಕದ ಮಿತಿ, ಜಾಗ ಅಲ್ಲ. ನೀರು ತುಂಬಿದರೆ ಎಂಟು ಘನ ಅಡಿಗೇ ಭರ್ತಿ. ಈ ಆಟದಲ್ಲಿ 50 ನಾಣ್ಯಕ್ಕೆ ಒಂದು ಪೌಂಡ್, ಹಾಗಾಗಿ 25,000 ಚಿನ್ನದ ನಾಣ್ಯ ಹಿಡಿಯುತ್ತೆ, ಆದರೆ ಅಷ್ಟೂ ಚಿನ್ನ ಹಾಸ್ಟೆಲಿನ ಸ್ನಾನದ ಬಕೆಟ್ಟಿನಲ್ಲೇ ಹಿಡಿಯುವಷ್ಟು. ಜಾಗದ ಮಿತಿ ತಟ್ಟಬೇಕಾದರೆ ಥರ್ಮಾಕೋಲ್ ತುಂಬಬೇಕು. ಈ ಲೆಕ್ಕ ಯಾರಿಗೂ ತೊಂದರೆ ಮಾಡೋದಿಲ್ಲ, ಪುಸ್ತಕ ಕೊಟ್ಟ ಎರಡು ಸಂಖ್ಯೆಗಳೇ ಇದನ್ನು ಹೇಳುತ್ತವೆ.

ಆದರೆ ಜಗಳದ ರಾತ್ರಿ ನಾನು ಹೂಡಿದ ವಾದ ಬೇರೆ ಥರದ್ದು. 64 ಘನ ಅಡಿ ಅಂದರೆ 1,800 ಲೀಟರ್ ಗಾಳಿ, ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಬಳಸೋ ಆಮ್ಲಜನಕ ಕಾಲು ಲೀಟರಿನ ಆಸುಪಾಸು, ಒಬ್ಬನಿಗೆ ಗಂಟೆಗಟ್ಟಲೆ ಸಾಕು, ಹತ್ತು ನಿಮಿಷ ಅನ್ನೋದೇ ಬೋಗಸ್, ಆದ್ದರಿಂದ ಮಕ್ಕಳು ಬದುಕಿದ್ದಾರೆ. ಲೆಕ್ಕ ಸರಿಯೇ. ವಾದ ಸರಿಯಲ್ಲ. ಚೀಲ ಹತ್ತು ನಿಮಿಷ ಅಂತ ಹೆಸರು ಹಿಡಿದು ಹೇಳಿದೆ. ಅಪವಾದ ಮಾತಾಡಿದ ಜಾಗ ಅದು. ನಾನು ಸೋಲುತ್ತಿದ್ದಾಗ ಮಾತ್ರ ನನಗೆ ಭೌತಶಾಸ್ತ್ರ ನೆನಪಾಗಿದ್ದು. 227 ಕಿಲೋ ಹೊತ್ತವನಿಗೆ ಏಳು ಕಿಲೋ ಭಾರ ಅಂದಾಗ ನಾನು ನ್ಯೂಟನ್ನನ ಹೆಸರು ಎತ್ತಿರಲಿಲ್ಲ ತಾನೇ.

ಹಾಗಾದರೆ ಡಿಎಂ ಸರಿಯಾ? ಇಲ್ಲಿಗೆ ಬರೋಕೇ ಇಷ್ಟು ದೂರ ಸುತ್ತಿದ್ದು.

ಚೀಲದ ಆ ವಾಕ್ಯ ಪ್ಯಾರಾದ ಕೊನೆಕೊನೆಗೆ ಬರುತ್ತದೆ. ಹತ್ತು ನಿಮಿಷವನ್ನು ಜನರ ಸಂಖ್ಯೆಯಿಂದ ಭಾಗಿಸಿದಷ್ಟು ಹೊತ್ತು ಬದುಕಿರುತ್ತಾರೆ, ಕನಿಷ್ಠ ಒಂದು ನಿಮಿಷ. ಅದು ಕಳೆದ ಮೇಲೆ ಅವರು ಸಫೊಕೇಟ್ ಆಗಲು ಶುರುವಾಗುತ್ತಾರೆ. ಸಾಯುತ್ತಾರೆ ಅಂತ ಎಲ್ಲೂ ಇಲ್ಲ. ಶುರುವಾಗುತ್ತದೆ ಅಂತಿದೆ. ನಮ್ಮ ಡಿಎಂ ಸುಳ್ಳು ಹೇಳಿರಲಿಲ್ಲ, 'ಆಮೇಲೆ ಉಸಿರುಗಟ್ಟುತ್ತೆ' ಅಂತಲೇ ಹೇಳಿದ್ದ. ಆದರೆ ಕನ್ನಡದಲ್ಲಿ ಉಸಿರುಗಟ್ಟಿತು ಅಂದರೆ ನಮ್ಮ ಕಿವಿಗೆ ಅರ್ಧ ಸಾವು ಕೇಳಿಸಿಬಿಡುತ್ತದೆ. 'ಉಸಿರುಗಟ್ಟಿ' ಅಂದ ಕೂಡಲೇ ಮುಂದಿನ ಪದ 'ಸತ್ತರು' ಅಂತ ಪೇಪರ್ ಓದಿ ಓದಿ ಅಭ್ಯಾಸ. ಹೇಳಿದವನೂ ಹಾಗೇ ಕೇಳಿಸಿಕೊಂಡ, ಕೇಳಿದವರೂ ಹಾಗೇ ಕೇಳಿಸಿಕೊಂಡೆವು.

ಈ ಆಟದಲ್ಲಿ ಸಫೊಕೇಟ್ ಅನ್ನೋದು ಬರೀ ಪದವಲ್ಲ, ಇನ್ನೊಂದು ಪುಸ್ತಕದಲ್ಲಿರುವ ಒಂದು ನಿಯಮದ ಹೆಸರು. ಪ್ರೋಗ್ರಾಮಿನಲ್ಲಿ ಫಂಕ್ಷನ್ ಕಾಲ್ ಇದ್ದ ಹಾಗೆ: ಚೀಲ ಆ ಹೆಸರು ಹೇಳಿ ಕೈ ತೊಳೆದುಕೊಂಡಿದೆ, ಮುಂದಿನದು 'ಪ್ಲೇಯರ್ಸ್ ಹ್ಯಾಂಡ್‌ಬುಕ್'ಗೆ ಸೇರಿದ್ದು. ಅಲ್ಲಿ ಹೀಗಿದೆ. ಜೀವಿಯೊಂದು ಉಸಿರು ಬಿಗಿಹಿಡಿಯಬಲ್ಲ ಹೊತ್ತು, ನಿಮಿಷಗಳಲ್ಲಿ, ಒಂದು ಕೂಡಿಸು ಅದರ ದೇಹದಾರ್ಢ್ಯದ ಮಾಡಿಫೈಯರ್. ಕನಿಷ್ಠ 30 ಸೆಕೆಂಡ್. ಅದೂ ಮುಗಿದ ಮೇಲೆ ಮಾಡಿಫೈಯರ್ ಎಷ್ಟಿದೆಯೋ ಅಷ್ಟು ರೌಂಡ್, ಕನಿಷ್ಠ ಒಂದು, ತಡೆದುಕೊಳ್ಳುತ್ತದೆ. ಆನಂತರದ ಸರದಿಯಲ್ಲಿ ಹಿಟ್ ಪಾಯಿಂಟ್ ಸೊನ್ನೆಗೆ ಇಳಿದು ಸಾವಿನಂಚಿಗೆ ಬರುತ್ತದೆ, ಉಸಿರು ಸಿಗುವವರೆಗೆ ಚೇತರಿಕೆ ಇಲ್ಲ. ಸಾವಿನಂಚು ಅಂದರೂ ಸಾವಲ್ಲ, ಅದಕ್ಕೆ ಬೇರೆ ದಾಳ ಇದೆ. (2024ರ ಪುಸ್ತಕದಲ್ಲಿ ಇದು ಬದಲಾಗಿದೆ, ಪ್ರತಿ ಸರದಿಗೂ ಒಂದೊಂದು ಹಂತ ದಣಿವು ಏರುತ್ತದೆ.)

ಸಾಮಾನ್ಯ ಹಳ್ಳಿಯವರ ಎಲ್ಲ ಅಂಕಗಳೂ 10, ಮಾಡಿಫೈಯರ್ ಸೊನ್ನೆ. ಅಂದರೆ ಒಂದು ನಿಮಿಷ ಉಸಿರು ಹಿಡಿಯಬಲ್ಲರು. ಎರಡೂವರೆ ನಿಮಿಷ ಗಾಳಿ, ಮೇಲೆ ಒಂದು ನಿಮಿಷ, ಮೇಲೆ ಆರು ಸೆಕೆಂಡ್. ನಾವು ಚೀಲ ಬಿಚ್ಚಿದ್ದು ಮೂರನೇ ನಿಮಿಷಕ್ಕೆ. ಹೆದರಿ ಕೆಂಪಗಾಗಿ, ಕೆನ್ನೆ ಉಬ್ಬಿಸಿಕೊಂಡು ಕೂತಿರುತ್ತಾರೆ. ಬದುಕಿರುತ್ತಾರೆ.

ಇದನ್ನು ಕಂಡುಹಿಡಿದ ರಾತ್ರಿ ಒಂದು ಗಂಟೆಗೆ ನಾನು ಆ ಕಡೆಯ ಮಂಚದತ್ತ ತಿರುಗಿ 'ಮಗಾ, ಎದ್ದಿದ್ದೀಯಾ' ಅಂದೆ. ಮೂರು ವಾರದ ಮೇಲೆ ಅದೇ ಮೊದಲ ಮಾತು. ಅವನು ಎದ್ದಿದ್ದ. ಓದಿ ಹೇಳಿದೆ. ಅವನು ಫೋನ್ ಕಿತ್ಕೊಂಡು ತಾನೇ ಓದಿದ, ಇಂಗ್ಲಿಷಿನಲ್ಲಿ, ಜೋರಾಗಿ, ಎರಡು ಸಲ.

ಆಮೇಲೆ ಒಂದು ಒಳ್ಳೆಯ ತಕರಾರು ತೆಗೆದ. ಉಸಿರು ಹಿಡಿಯೋಕೆ ಮೊದಲು ಉಸಿರು ಎಳೆದುಕೊಂಡಿರಬೇಕಲ್ವಾ? ನೀರಿಗೆ ಧುಮುಕುವವನಿಗೆ ಮುಂಚೆಯೇ ಗೊತ್ತಿರುತ್ತದೆ. ಚೀಲದಲ್ಲಿ ಕೂತ ಅಜ್ಜಿಗೆ ಗಾಳಿ ಯಾವಾಗ ಮುಗಿಯುತ್ತೆ ಅಂತ ಹೇಗೆ ಗೊತ್ತಾಗಬೇಕು? ಆ ಒಂದು ನಿಮಿಷ ಅವಳಿಗೆ ಸಿಗಬಾರದು, ನೇರ ಆರು ಸೆಕೆಂಡಿಗೆ ಹೋಗಬೇಕು. ಹಾಗೆ ಓದಿದರೆ ಮೂರನೇ ನಿಮಿಷಕ್ಕೆ ನಾಲ್ವರೂ ಸಾವಿನಂಚಿನಲ್ಲಿರುತ್ತಾರೆ, ಯಾರು ಉಳಿದರು ಅನ್ನೋದನ್ನು ದಾಳ ಹೇಳಬೇಕು. ತೆಗೆದುಹಾಕುವಂಥ ಓದಲ್ಲ ಇದು. ನಾನು ಹೇಳಿದ್ದು: ನಿಯಮ ಆಳವಾಗಿ ಉಸಿರು ಎಳೆದುಕೊಂಡಿರಬೇಕು ಅನ್ನೋ ಷರತ್ತು ಹಾಕಿಲ್ಲ, ಆ ಎರಡೂ ವಾಕ್ಯ ಒಂದೇ ಶೀರ್ಷಿಕೆಯ ಕೆಳಗಿವೆ, ಚೀಲ ಕರೆದದ್ದು ಇಡೀ ಶೀರ್ಷಿಕೆಯನ್ನು, ಎರಡನೇ ವಾಕ್ಯದಿಂದ ಶುರುಮಾಡು ಅಂತ ಅದು ಹೇಳಿಲ್ಲ. ಎರಡು ಗಂಟೆಯವರೆಗೆ ನಡೆಯಿತು. ಪಕ್ಕದ ರೂಮಿನವರು ಗೋಡೆ ಗುದ್ದಿದರು.

ಕೊನೆಗೆ ಅವನು ನನ್ನ ಓದನ್ನೇ ಒಪ್ಪಿಕೊಂಡ. ಆದರೆ ಒಂದು ಮಾತು ಸೇರಿಸಿದ: 'ಇದು ಅಜ್ಜಿಗೆ ಅಂತ ಅಲ್ಲ. ಇನ್ಮೇಲೆ ಯಾರು ಚೀಲದೊಳಗೆ ಹೋದ್ರೂ ಇದೇ ರೂಲು. ನೋಟ್‌ಬುಕ್ಕಲ್ಲಿ ಬರಿತೀನಿ.' ಬರೆದ. ಈಗ ನಮ್ಮ ಮೇಜಿನ ಮೇಲೆ ಆ ನೋಟ್‌ಬುಕ್ ಇರುತ್ತದೆ, ಸಲಾಕೆ ಮತ್ತು ಹಡಗಿನ ತೀರ್ಮಾನವೂ ಅದರಲ್ಲಿದೆ. ಹೊಸ ವಸ್ತು ಸಿಕ್ಕಿದರೆ ಅದರ ಪ್ಯಾರಾವನ್ನು ಮೊದಲು ಇಂಗ್ಲಿಷಿನಲ್ಲೇ ಪೂರ್ತಿ ಓದುತ್ತಾನೆ, ಆಮೇಲೆ ಕನ್ನಡ. ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು, ಎಸ್‌ಆರ್‌ಡಿ 5.1 ಅಂತ ಹೆಸರು, ಪ್ರಕಾಶಕರೇ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ. ಈ ಚೀಲ, ಸಲಾಕೆ, ಕೈಗವಸು ಎಲ್ಲಾ ಅದರಲ್ಲಿವೆ. ಆಡಬೇಕು ಅನ್ನಿಸಿದವರು ಕದ್ದ ಪಿಡಿಎಫ್ ಹುಡುಕಬೇಕಾಗಿಲ್ಲ.

ಆ ಬರೆದಿಟ್ಟ ರೂಲು ಎರಡೇ ವಾರದಲ್ಲಿ ನಮಗೇ ತಿರುಗಿ ಬಡಿಯಿತು. ಒಬ್ಬ ದರೋಡೆಕೋರನನ್ನು ಹಿಡಿದಿದ್ದೆವು. ಬಾಯಿ ಬಿಡುತ್ತಿರಲಿಲ್ಲ. ನಮ್ಮ ಕಳ್ಳ ಅವನನ್ನು ಚೀಲಕ್ಕೆ ತುರುಕಿ ಹತ್ತು ನಿಮಿಷ ಎಣಿಸೋಣ, ಹನ್ನೊಂದನೇ ನಿಮಿಷಕ್ಕೆ ಅರೆಜೀವವಾಗಿ ತಾನಾಗೇ ಬಾಯಿ ಬಿಡ್ತಾನೆ ಅಂದ. ಡಿಎಂ ನೋಟ್‌ಬುಕ್ ತೆರೆದ. ಒಬ್ಬನೇ, ಆದ್ದರಿಂದ ಪೂರ್ತಿ ಹತ್ತು ನಿಮಿಷ. ದರೋಡೆಕೋರನ ದೇಹದಾರ್ಢ್ಯ 12, ಮಾಡಿಫೈಯರ್ +1, ಆದ್ದರಿಂದ ಉಸಿರು ಹಿಡಿಯಲು ಎರಡು ನಿಮಿಷ. 'ಅಜ್ಜಿಗೆ ಕೊಟ್ಟಿದ್ದು ಇವನಿಗೂ ಕೊಡಬೇಕಲ್ಲ' ಅಂದ. ನಾವು ತಲೆಯಾಡಿಸಿದೆವು. ಹನ್ನೆರಡು ನಿಮಿಷ ಅವನು ಚೀಲದೊಳಗೆ ಎಚ್ಚರವಾಗಿ, ಆರಾಮವಾಗಿ ಇದ್ದ.

'ಒಂದು ಪ್ರಶ್ನೆ' ಅಂದ ಡಿಎಂ. 'ಒಳಗೆ ಹಾಕೋ ಮುಂಚೆ ಅವನ ಬೂಟಲ್ಲಿದ್ದ ಚಾಕು ತೆಗೆದ್ರಾ?'

ಯಾರೂ ತೆಗೆದಿರಲಿಲ್ಲ. ಚೀಲ ಚುಚ್ಚಿದರೆ ಅಥವಾ ಹರಿದರೆ ಅದು ನಾಶವಾಗಿ, ಒಳಗಿದ್ದದ್ದೆಲ್ಲ ಆಸ್ಟ್ರಲ್ ಪ್ಲೇನ್ ಅನ್ನೋ ಬೇರೊಂದು ಲೋಕದಲ್ಲಿ ಚೆಲ್ಲಿಹೋಗುತ್ತದೆ. ಹೊರಗಿಂದ ಚುಚ್ಚಿದರೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ನಾನೇ ಪುಸ್ತಕ ತಗೊಂಡು ಮೂರು ಸಲ ಓದಿದೆ. ಚೀಲದಲ್ಲಿ ನಮ್ಮ ಅಷ್ಟೂ ಚಿನ್ನ ಇತ್ತು, ಆ ಇಮ್ಮೂವಬಲ್ ರಾಡ್ ಕೂಡ ಇತ್ತು. ಆಸ್ಟ್ರಲ್ ಪ್ಲೇನ್‌ಗೆ ಹೋಗೋದು ಹೇಗೆ ಅಂತ ಈ ಭಾನುವಾರ ನೋಡಬೇಕು.